ಹತ್ತು ಅಂಕದ ಹಬ್ಬದೂಟ

ಸಿಮೆಂಟ್ ಮೇಷ್ಟ್ರು ಜೀವನದಲ್ಲಿ ಹೇಳಿದ ಸುಳ್ಳುಗಳು ಬಹಳ ಕಡಿಮೆ. ಹೇಳುವ ಆಸೆ ಇರಲಿಲ್ಲವೆಂದಲ್ಲ, ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಅವರ ಕೈಲಾಗುತ್ತಿರಲಿಲ್ಲ. ಆದರೂ ಒಂದು ಸುಳ್ಳನ್ನು ಮಾತ್ರ ಐದು ವರ್ಷಗಳಿಂದ, ವರ್ಷಕ್ಕೊಮ್ಮೆ, ಹಬ್ಬದ ದಿನ, ಫೋನಿನಲ್ಲಿ, ಒಂದಕ್ಷರ ಆಚೀಚೆ ಆಗದಂತೆ ತಮ್ಮ ಅಕ್ಕನಿಗೆ ಹೇಳುತ್ತ ಬಂದಿದ್ದರು.

"ಊಟ ಆಯ್ತು ಅಕ್ಕ. ನನ್ನ ಸ್ಟೂಡೆಂಟ್ಸ್ ಎಲ್ಲ ಬಂದಿದಾರೆ. ನಾನೇ ಅಡುಗೆ ಮಾಡಿದ್ದು. ಎಲ್ಲರೂ ಒಟ್ಟಿಗೆ ಕೂತು ತಿಂದ್ವಿ."

ಈ ನಾಲ್ಕು ವಾಕ್ಯಗಳಲ್ಲಿ ನಿಜವಾದ ಪದವೆಂದರೆ 'ಅಕ್ಕ' ಒಂದೇ.

ಮೇಷ್ಟ್ರು ಪರದೇಶದ ಕಾಲೇಜೊಂದರಲ್ಲಿ ಕಾಂಕ್ರೀಟ್ ಪಾಠ ಮಾಡುತ್ತಿದ್ದರು. ಎರಡು ವರ್ಷಕ್ಕೆಂದು ಹೋದವರು ಆರು ವರ್ಷವಾದರೂ ಅಲ್ಲೇ ಇದ್ದರು. ಕಾಂಕ್ರೀಟಿನ ಸಹವಾಸವೇ ಹಾಗೆ, ಒಮ್ಮೆ ಗಟ್ಟಿಯಾಯಿತೆಂದರೆ ಅಲುಗುವುದಿಲ್ಲ. ಮದುವೆಯಾಗಬೇಕಾದ ವಯಸ್ಸಿನಲ್ಲಿ ಅವರು ಒಂದು ಮೂಟೆ ಸಿಮೆಂಟು ಎಷ್ಟು ನೀರು ಕುಡಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದುದರಿಂದ ಹೆಂಡತಿ ಮಕ್ಕಳ ತಾಪತ್ರಯ ಇರಲಿಲ್ಲ. ಇದ್ದವಳು ಅಕ್ಕ ಒಬ್ಬಳೇ.

ಅಮ್ಮ ತೀರಿಕೊಂಡಾಗ ಮೇಷ್ಟ್ರಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೇಳು. ಆ ವರ್ಷದ ಹಬ್ಬದ ದಿನ ಹುಡುಗ ಊಟ ಬೇಡವೆಂದು ಮಂಚದ ಕೆಳಗೆ ಸೇರಿಕೊಂಡ. ನೀನು ಉಣ್ಣುವ ತನಕ ನಾನೂ ಉಣ್ಣುವುದಿಲ್ಲ ಎಂದು ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅವತ್ತು ಅದು ಹಟಮಾರಿಯ ಬಾಯಿ ತೆರೆಸುವ ಉಪಾಯವಾಗಿತ್ತು, ಅಷ್ಟೇ. ಹಟಮಾರಿಗೆ ಐವತ್ತೊಂದಾಯಿತು, ತಲೆ ಬೋಳಾಯಿತು, ಉಪಾಯ ಮಾತ್ರ ಹಬ್ಬದ ದಿನದ ನೇಮವಾಗಿ ಹಾಗೆಯೇ ಉಳಿಯಿತು. ಅಕ್ಕನಿಗೆ ಈಗ ಅರವತ್ತನಾಲ್ಕು. ಮೈಯಲ್ಲಿ ಸಕ್ಕರೆ. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಕೈ ನಡುಗಿ ಕಣ್ಣು ಕತ್ತಲಿಡುತ್ತದೆ, ಉಪವಾಸಗೀಪವಾಸ ಮಾಡಿದರೆ ನನ್ನ ಬಳಿ ಬರಲೇಬೇಡಿ ಎಂದು ಡಾಕ್ಟರು ಗದರಿದ್ದರು. ಡಾಕ್ಟರ ಮಾತು ಅಕ್ಕನಿಗೆ ಹಬ್ಬದ ಹಿಂದಿನ ದಿನದವರೆಗೆ ಮಾತ್ರ ಅನ್ವಯಿಸುತ್ತಿತ್ತು.

ಆದ್ದರಿಂದ ಮೇಷ್ಟ್ರು ಸುಳ್ಳಿನ ಮೊರೆ ಹೋದರು. ಅಕ್ಕನಿಗೆ ಮಧ್ಯಾಹ್ನ ಹನ್ನೆರಡಾದಾಗ ಅವರಿಗೆ ಬೆಳಿಗ್ಗೆ ಏಳು. ಏಳಕ್ಕೆ ಸರಿಯಾಗಿ ಎದ್ದು, ಹಲ್ಲು ಕೂಡ ಉಜ್ಜದೆ ಫೋನ್ ಮಾಡಿ, ಊಟ ಆಯ್ತು ಎನ್ನುತ್ತಿದ್ದರು. ಹಿನ್ನೆಲೆಗೆ ವಿದ್ಯಾರ್ಥಿಗಳ ಗಲಾಟೆ ಬೇಕಲ್ಲ, ಟಿವಿಯಲ್ಲಿ ಫುಟ್‌ಬಾಲ್ ಹಾಕುತ್ತಿದ್ದರು. ಹೋದ ವರ್ಷ ಯಾರೋ ಗೋಲು ಹೊಡೆದು ಐವತ್ತು ಸಾವಿರ ಜನ ಒಟ್ಟಿಗೆ ಕಿರುಚಿದಾಗ ಅಕ್ಕ ಏನೋ ಅದು ಎಂದು ಕೇಳಿದ್ದಳು. ಸಿಹಿ ಬಡಿಸ್ತಾ ಇದೀನಿ ಅಕ್ಕ ಎಂದಿದ್ದರು ಮೇಷ್ಟ್ರು.

ಇಂಥ ಭದ್ರವಾದ ಏರ್ಪಾಡು ಕುಸಿದದ್ದು ಅಕ್ಕನ ವಠಾರದ ಟೈಲರ್‌ನಿಂದ. ಆತ ಮುಖ ಕಾಣುವ ಫೋನು ಕೊಂಡಿದ್ದ. ಕೊಂಡವನು ಸುಮ್ಮನಿರಲಾರದೆ, ನಿಮ್ಮ ತಮ್ಮ ಪರದೇಶದಲ್ಲಿ ಅಷ್ಟು ಜನಕ್ಕೆ ಬಡಿಸುವುದನ್ನು ಈ ಸಲ ಕಣ್ಣಾರೆ ನೋಡೋಣ ಬನ್ನಿ ಎಂದು ಅಕ್ಕನನ್ನು ಕರೆದಿದ್ದ. ಟೈಲರ್‌ನ ಹೆಂಡತಿ ಅಕ್ಕಪಕ್ಕದ ನಾಲ್ಕು ಮನೆಗೂ ಹೇಳಿಬಂದಿದ್ದಳು. ಹಬ್ಬಕ್ಕೆ ಆರು ದಿನ ಮುಂಚೆ ಅಕ್ಕ ಫೋನ್ ಮಾಡಿ ವಿಷಯ ತಿಳಿಸಿದಳು. ಈ ಸಲ ನೀನು ಬಾಯಲ್ಲಿ ಹೇಳೋದೇನೂ ಬೇಡ, ನಾವೇ ನೋಡ್ತೀವಿ ಎಂದಳು.

ಮೇಷ್ಟ್ರು ಸಂತೋಷ ಅಕ್ಕ ಎಂದು ಫೋನಿಟ್ಟು, ಎದುರಿಗಿದ್ದ ಟಿವಿಯನ್ನು ನೋಡಿದರು. ಪಾಪ, ಅದು ಏನು ತಾನೇ ಮಾಡೀತು?

ಮಾರನೆಯ ದಿನ ಕ್ಲಾಸಿಗೆ ಹೋದರು. ಅಲ್ಲಿನ ಭಾಷೆಯಲ್ಲಿ ಕಾಂಕ್ರೀಟಿನ ಬಗ್ಗೆ ಅವರಿಗೆ ಎರಡು ಗಂಟೆ ಎಡೆಬಿಡದೆ ಮಾತಾಡಲು ಬರುತ್ತಿತ್ತು. 'ಊಟಕ್ಕೆ ಬನ್ನಿ' ಎನ್ನಲು ಬರುತ್ತಿರಲಿಲ್ಲ. ಪದ ಗೊತ್ತಿರಲಿಲ್ಲವೆಂದಲ್ಲ, ಆ ಪದ ಆಡುವಾಗ ಮುಖ ಹೇಗಿಟ್ಟುಕೊಳ್ಳಬೇಕೆಂದು ಗೊತ್ತಿರಲಿಲ್ಲ. ಕೊನೆಗೆ ಬೋರ್ಡಿಗೆ ತಿರುಗಿ 'ಗುರುವಾರ. ನನ್ನ ಮನೆ. ಹಬ್ಬದ ಊಟ. ಬರಬಹುದು' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಹಾಗೇ ನಿಂತರು. ಇಪ್ಪತ್ತಮೂರು ಜನ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಆಮೇಲೆ ಒಬ್ಬನಿಗೆ ಅಂಗಡಿಯಲ್ಲಿ ಕೆಲಸವಿತ್ತು, ಒಬ್ಬಳಿಗೆ ಬಸ್ಸು ತಪ್ಪುತ್ತಿತ್ತು, ಒಬ್ಬ ತನ್ನ ಹಲ್ಲು ನೋಯಲಿದೆಯೆಂದು ಐದು ದಿನ ಮೊದಲೇ ತಿಳಿಸಿದ. ಬರುತ್ತೇವೆಂದು ತಲೆಯಾಡಿಸಿದವರು ಮೂವರು. ಅವರಲ್ಲಿ ಇಬ್ಬರು ಎಲ್ಲದಕ್ಕೂ ತಲೆಯಾಡಿಸುವವರು.

ಆ ಮೂವರಿಗಾದರೂ ಜಾಗ ಮಾಡೋಣವೆಂದರೆ ಅವರಿದ್ದ ಕಟ್ಟಡದ ಕಾವಲುಗಾರ, ಕೋಣೆಯಲ್ಲಿ ಒಲೆ ಹೊತ್ತಿಸಬಹುದು, ಆದರೆ ಒಬ್ಬರಿಗಿಂತ ಹೆಚ್ಚು ಅತಿಥಿಗಳು ಬರುವಂತಿಲ್ಲ ಎಂದ. ಎರಡನೆಯವರು ಬಂದರೆ ಎಂದು ಮೇಷ್ಟ್ರು ಕೇಳಿದರು. ಮೊದಲನೆಯವರು ಎದ್ದು ಹೋಗಬೇಕು ಎಂದ. ಸರದಿಯ ಮೇಲೆ ಒಬ್ಬೊಬ್ಬರನ್ನೇ ಕರೆಸಿ ಊಟ ಹಾಕಿದರೆ ಫೋನಿನಲ್ಲಿ ಹೇಗೆ ಕಂಡೀತೆಂದು ಮೇಷ್ಟ್ರು ಒಂದು ಕ್ಷಣ ಯೋಚಿಸಿಯೂ ನೋಡಿದರು. ವೈದ್ಯರ ಷಾಪಿನಂತೆ ಕಾಣುತ್ತದೆ ಎನ್ನಿಸಿ ಬಿಟ್ಟರು. ಉಳಿದದ್ದು ಕಾಲೇಜಿನ ಕಾಂಕ್ರೀಟ್ ಲ್ಯಾಬು.

ಲ್ಯಾಬು ಬೇಕೆಂದರೆ ಆಫೀಸಿನಲ್ಲಿ ಫಾರಂ ತುಂಬಬೇಕು. ಆಫೀಸಿನ ಗುಮಾಸ್ತೆ ಒಳ್ಳೆಯ ಹೆಂಗಸು. ಯಾರಿಗೂ ಇಲ್ಲ ಎಂದವಳಲ್ಲ, ಯಾವ ಫಾರಮ್ಮಿನಲ್ಲೂ ಕಾಲಂ ಖಾಲಿ ಬಿಟ್ಟವಳೂ ಅಲ್ಲ. ಈ ಎರಡು ಗುಣಗಳು ಒಬ್ಬರಲ್ಲೇ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಮುಂದಿನ ಘಟನೆಯೇ ಸಾಕ್ಷಿ. ಲ್ಯಾಬು ಯಾತಕ್ಕೆ ಎಂಬಲ್ಲಿ ಕಂಪ್ಯೂಟರ್ ಮೂರೇ ಉತ್ತರ ಕೊಟ್ಟಿತ್ತು: ಪಾಠ, ಪ್ರಾಕ್ಟಿಕಲ್, ದುರಸ್ತಿ. ಊಟ ಇರಲಿಲ್ಲ. ಕೈಯಲ್ಲಿ ಮಾಡುವ ಕೆಲಸ ತಾನೇ ಎಂದು ಆಕೆ ಪ್ರಾಕ್ಟಿಕಲ್ ಒತ್ತಿದಳು. ಎಷ್ಟು ಅಂಕ ಎಂದು ಕೇಳಿತು. ಸೊನ್ನೆ ಹಾಕಿದರೆ ಒಪ್ಪಲಿಲ್ಲ. ಹತ್ತು ಹಾಕಿದಳು. ಗುರುವಾರ ಮಧ್ಯಾಹ್ನ ಒಂದಕ್ಕೆ ಮಾತ್ರ ಖಾಲಿ ಇದೆ, ಆಗಬಹುದೇ ಎಂದಳು. ಆಗಲಿ ಎಂದು ಮೇಷ್ಟ್ರು ಕೈಮುಗಿದು ಹೊರಟರು. ಕಂಪ್ಯೂಟರಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಸಂಜೆಯ ಹೊತ್ತಿಗೆ ಇಪ್ಪತ್ತಮೂರು ವಿದ್ಯಾರ್ಥಿಗಳ ಫೋನಿಗೂ ಒಂದು ಮೆಸೇಜು ಹೋಯಿತು: ಪ್ರಾಕ್ಟಿಕಲ್ ಪರೀಕ್ಷೆ, ಗುರುವಾರ ಒಂದು ಗಂಟೆ, ಕಾಂಕ್ರೀಟ್ ಲ್ಯಾಬು, ಸಾಮಗ್ರಿ ಅಧ್ಯಾಪಕರು ಒದಗಿಸುತ್ತಾರೆ, ಹತ್ತು ಅಂಕ, ಹಾಜರಿ ಕಡ್ಡಾಯ. ಊಟ ಎಲ್ಲಿ ಎಂದು ಬೋರ್ಡಿನಲ್ಲಿ ಮತ್ತೆ ಬರೆದು ತಿಳಿಸುವ ಕಷ್ಟವೂ ಮೇಷ್ಟ್ರಿಗೆ ತಪ್ಪಿತು. ನೀವು ಹೇಳಿದ ಊಟ ಲ್ಯಾಬಿನಲ್ಲಂತೆ, ಆಫೀಸಿನಿಂದ ತಿಳಿಯಿತು ಎಂದು ಮೊದಲ ಬೆಂಚಿನ ಹುಡುಗಿ ಬಹಳ ಗಂಭೀರವಾಗಿ ಹೇಳಿದಳು.

ಒಂದು ಗಂಟೆ ಎಂದರೆ ಅಕ್ಕನಿಗೆ ಸಂಜೆ ಆರು. ಆ ದಿನ ಮಾತ್ರ ಮಧ್ಯಾಹ್ನವೇ ಏನಾದರೂ ತಿಂದುಕೊಂಡುಬಿಡು ಎಂದು ಮೇಷ್ಟ್ರು ಅಂಗಲಾಚಿದರು. ಎರಡು ಬಿಸ್ಕತ್ತಾದರೂ ಎಂದರು. ಬಿಸ್ಕತ್ತು ತಿಂದು ಹಬ್ಬ ಮಾಡುವ ಗತಿ ನನಗಿನ್ನೂ ಬಂದಿಲ್ಲ ಎಂದಳು ಅಕ್ಕ.

ಇನ್ನು ಅಡುಗೆ. ಅದುವರೆಗೆ ಮೇಷ್ಟ್ರು ಕುದಿಸಿದ್ದ ಅತಿ ಕಷ್ಟದ ಪದಾರ್ಥವೆಂದರೆ ನೀರು. ಬುಧವಾರ ಅಕ್ಕನಿಗೆ ಫೋನ್ ಮಾಡಿ, ಲ್ಯಾಬಿನಿಂದ ತಂದ ತಕ್ಕಡಿ ಎದುರಿಗಿಟ್ಟುಕೊಂಡು, ಬೇಳೆ ಎಷ್ಟು ಹಾಕಬೇಕೆಂದು ಕೇಳಿದರು.

"ಆರು ಹಿಡಿ ಹಾಕು," ಎಂದಳು ಅಕ್ಕ.

"ಯಾರ ಹಿಡಿ ಅಕ್ಕ?"

"ನನ್ನ ಹಿಡಿ ಕಣೋ. ಮತ್ತೆ ಊರವರದ್ದಾ?"

ಆ ಕೈಯನ್ನು ಮೇಷ್ಟ್ರು ಆರು ವರ್ಷದಿಂದ ನೋಡಿರಲಿಲ್ಲ. ಕಣ್ಣು ಮುಚ್ಚಿದರು. ರಸ್ತೆ ದಾಟುವಾಗ ತಮ್ಮ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುತ್ತಿದ್ದ ಆ ಕೈ ಎಷ್ಟಿತ್ತೋ ಅಷ್ಟಕ್ಕೆ ತಮ್ಮ ಕೈಯನ್ನು ಕುಗ್ಗಿಸಿ, ಡಬ್ಬಿಯಿಂದ ಬೇಳೆ ಎತ್ತಿ ತಕ್ಕಡಿಗೆ ಸುರಿದರು. ಐವತ್ತೆಂಟು ಗ್ರಾಂ. ಮತ್ತೆ ಎರಡು ಸಲ ಎತ್ತಿ ನೋಡಿದರು, ಅಷ್ಟೇ ಬಂತು. ನೋಟ್‌ಬುಕ್ಕಿನಲ್ಲಿ 'ಒಂದು ಅಕ್ಕ = ೫೮ ಗ್ರಾಂ' ಎಂದು ಬರೆದುಕೊಂಡರು. ಆಮೇಲೆ ಅಕ್ಕಿ, ತರಕಾರಿ, ಬೆಲ್ಲ, ತುಪ್ಪ ಎಲ್ಲವೂ ಆ ಅಳತೆಯಲ್ಲೇ ಸಾಗಿದವು. ಉಪ್ಪು ಎಷ್ಟು ಎಂದದ್ದಕ್ಕೆ ಸಾಕು ಅನ್ನಿಸುವಷ್ಟು ಎಂದಳು. ಯಾರಿಗೆ ಅನ್ನಿಸಬೇಕು ಎಂದು ಕೇಳಿದ್ದಕ್ಕೆ ಅಕ್ಕ ಫೋನಿಟ್ಟಳು.

ಬರುವವರು ಮೂವರು. ಸೇತುವೆ ಕಟ್ಟುವವರ ಪದ್ಧತಿಯಂತೆ ಮೇಷ್ಟ್ರು ಅದನ್ನು ಸುರಕ್ಷತೆಗಾಗಿ ಮೂರರಿಂದ ಗುಣಿಸಿ, ತಮ್ಮನ್ನೊಬ್ಬರನ್ನು ಸೇರಿಸಿ, ಹತ್ತು ಜನಕ್ಕೆ ಅಡುಗೆ ಮಾಡಿದರು. ಬೆಳಿಗ್ಗೆ ಐದಕ್ಕೆ ಹಿಡಿದ ಸೌಟನ್ನು ಹನ್ನೆರಡಕ್ಕೆ ಕೆಳಗಿಟ್ಟರು. ಅನ್ನ ಅನ್ನದಂತೆಯೇ ಇತ್ತು. ಸಿಹಿ ಸ್ವಲ್ಪ ಬೇಗ ಗಟ್ಟಿಯಾಗುತ್ತಿತ್ತು, ಆದರೆ ಗಟ್ಟಿಯಾಗುವುದರ ಬಗ್ಗೆ ಮೇಷ್ಟ್ರಿಗೆ ಭಯವಿರಲಿಲ್ಲ. ಎಲ್ಲವನ್ನೂ ಮರಳು ಸಾಗಿಸುವ ತಳ್ಳುಗಾಡಿಯಲ್ಲಿಟ್ಟು, ಮೇಲೊಂದು ಹೊಸ ಟವೆಲು ಮುಚ್ಚಿ, ಲ್ಯಾಬಿಗೆ ತಳ್ಳಿಕೊಂಡು ಹೋದರು. ಉದ್ದನೆಯ ಮೇಜಿಗೆ ನಕ್ಷೆ ಬಿಡಿಸುವ ಬಿಳಿ ಹಾಳೆ ಹಾಸಿದರು. ಒಂದು ಕಾಂಕ್ರೀಟ್ ಬ್ಲಾಕಿಗೆ ಫೋನನ್ನು ಒರಗಿಸಿ ನಿಲ್ಲಿಸಿದರು.

ಒಂದಕ್ಕೆ ಐದು ನಿಮಿಷವಿರುವಾಗ ಬಾಗಿಲು ತೆರೆಯಿತು. ಇಪ್ಪತ್ತಮೂರು ಜನರೂ ಬಂದರು. ಅಂಗಡಿಯವನು ಬಂದ, ಬಸ್ಸಿನವಳು ಬಂದಳು, ಹಲ್ಲುನೋವಿನವನು ಎಲ್ಲರಿಗಿಂತ ಮುಂದಿದ್ದ. ಎಲ್ಲರ ತಲೆಯ ಮೇಲೂ ಹಳದಿ ಹೆಲ್ಮೆಟ್ಟು, ಕೈಯಲ್ಲಿ ಕ್ಯಾಲ್ಕ್ಯುಲೇಟರು. ಲ್ಯಾಬಿಗೆ ಹೆಲ್ಮೆಟ್ಟಿಲ್ಲದೆ ಬರಬಾರದೆಂದು ಆರು ವರ್ಷ ಗಂಟಲು ಹರಿದುಕೊಂಡವರು ಮೇಷ್ಟ್ರೇ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ವರ್ಷ ಇವರನ್ನು ನಾನು ಅರ್ಥಮಾಡಿಕೊಂಡಿರಲಿಲ್ಲ ಎಂದು ತಳ್ಳುಗಾಡಿಗೆ ಹೇಳಿದರು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಒತ್ತಿದರೆ ಪರದೆಯ ತುಂಬ ಒಂದು ಕಿವಿ. ಅಕ್ಕ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು, ಫೋನೆಂದರೆ ಕಿವಿಗೆ ಹಿಡಿಯುವುದೇ ಅಭ್ಯಾಸ. ಮುಂದೆ ಹಿಡೀರಿ ಅಮ್ಮ, ಮುಂದೆ, ಎಂದು ಟೈಲರ್ ಹಿಂದಿನಿಂದ ಹೇಳುತ್ತಿದ್ದ. ಮೇಷ್ಟ್ರು ಫೋನಿನ ಹತ್ತಿರ ಬಾಗಿದರು. ಆ ಕಿವಿಯಲ್ಲಿ ಓಲೆಯ ತೂತು ಸ್ವಲ್ಪ ಉದ್ದವಾಗಿತ್ತು, ಪಕ್ಕದ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಿವಿ ಹೋಗಿ ಮುಖ ಬಂದಾಗ, ಕಿವಿ ಇನ್ನೂ ಸ್ವಲ್ಪ ಹೊತ್ತು ಇರಬಹುದಿತ್ತು ಎನ್ನಿಸಿತು.

"ಪುಟ್ಟ, ಇವರೆಲ್ಲ ಯಾಕೋ ತಲೆಗೆ ಬುಟ್ಟಿ ಹಾಕ್ಕೊಂಡಿದಾರೆ?"

"ಮೇಲಿಂದ ಏನಾದ್ರೂ ಬಿದ್ರೆ ಅಂತ ಅಕ್ಕ."

"ಊಟದ ಮಧ್ಯೆ ಮೇಲಿಂದ ಏನೋ ಬೀಳುತ್ತೆ?"

ಇಲ್ಲಿನ ಮರ್ಯಾದೆ ಹಾಗೆ ಅಕ್ಕ ಎಂದು ಮೇಷ್ಟ್ರು ಬಡಿಸಲು ನಿಂತರು. ಮೊದಲ ಬೆಂಚಿನ ಹುಡುಗಿ ಕೈಯೆತ್ತಿ, ಯಾವುದರಿಂದ ಶುರುಮಾಡಬೇಕು ಎಂದು ಕೇಳಿದಳು. ಎಡದಿಂದ ಬಲಕ್ಕೆ, ಬರಿಗೈಯಲ್ಲಿ, ಎಂದರು. ಇಪ್ಪತ್ತಮೂರು ಜನ ಬರೆದುಕೊಂಡರು. ಎಷ್ಟು ತಿನ್ನಬೇಕು ಎಂದು ಉದ್ದನೆಯ ಹುಡುಗನೊಬ್ಬ ಕೇಳಿದ. ಮೇಷ್ಟ್ರ ಎದೆ ತುಂಬಿಬಂತು. ಹಾಕಿದ್ದರಲ್ಲಿ ಏನೂ ಉಳಿಸಬಾರದು, ಎಷ್ಟು ಸಲ ಬೇಕಾದರೂ ಕೇಳಬಹುದು ಎಂದರು. ಹೆಚ್ಚು ಸಲ ಕೇಳಿದರೆ ಹೆಚ್ಚು ಅಂಕವಿರಬೇಕು ಎಂಬ ಪಿಸುಮಾತು ಹಿಂದಿನ ಸಾಲಿಗೆ ಹೋಗಿ ಮುಟ್ಟಿತು.

ಅಂಥ ಊಟವನ್ನು ಯಾರೂ ಎಲ್ಲೂ ಕಂಡಿರಲಾರರು. ಒಂದು ಮಾತಿಲ್ಲ, ಒಂದು ನಗೆಯಿಲ್ಲ. ತುತ್ತು ನುಂಗುವುದು, ಚಾವಣಿ ನೋಡಿ ಯೋಚಿಸುವುದು, ಎಡಗೈಯಲ್ಲಿ ಏನೋ ಗೀಚುವುದು. ಉದ್ದನೆಯವನು ಸಿಹಿಯನ್ನು ಬೆರಳಿನಿಂದ ಒತ್ತಿ ಅದರ ಗಟ್ಟಿತನ ಅಂದಾಜು ಮಾಡಿದ. ಇದೇನು ಸಾವಿನ ಮನೆ ಊಟದ ಹಾಗಿದೆ ಎಂದು ಟೈಲರ್‌ನ ಹೆಂಡತಿ ಫೋನಿನೊಳಗಿಂದ ಹೇಳಿದ್ದು ಕೇಳಿಸಿತು. ಮೇಷ್ಟ್ರಿಗೆ ಅದೊಂದೂ ನಾಟಲಿಲ್ಲ. ಖಾಲಿ ತಟ್ಟೆ ಕಂಡಲ್ಲೆಲ್ಲ ಓಡಿದರು, ಬೇಡವೆನ್ನಲು ಯಾರಿಗೂ ಧೈರ್ಯವಿಲ್ಲದ್ದನ್ನು ಹಸಿವೆಂದು ತಿಳಿದರು, ಬಡಿಸಿದರು, ಮತ್ತೆ ಬಡಿಸಿದರು. ಅಕ್ಕ ಹೀಗೇ ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಅವರು ಟವೆಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಕೊನೆಯ ಪಾತ್ರೆಯ ತಳ ಕಂಡಾಗ ಮೊದಲ ಬೆಂಚಿನ ಹುಡುಗಿ ಎದ್ದು ನಿಂತು, ರಿಸಲ್ಟನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಸಾರ್ ಎಂದಳು.

ಮೇಷ್ಟ್ರು ನಕ್ಕರು. ಬೇರೆ ಯಾರೂ ನಗಲಿಲ್ಲ. ಹುಡುಗಿ ತನ್ನ ಫೋನಿನಲ್ಲಿದ್ದ ಮೆಸೇಜು ತೋರಿಸಿದಳು. ಮೇಷ್ಟ್ರು ಅದನ್ನು ಮೂರು ಸಲ ಓದಿ, ಪಕ್ಕದಲ್ಲಿದ್ದ ಸಿಮೆಂಟು ಮೂಟೆಯ ಮೇಲೆ ಕೂತರು.

"ನೀವು ಪರೀಕ್ಷೆಗೆ ಬಂದ್ರಾ?"

"ಹಾಜರಿ ಕಡ್ಡಾಯ ಸಾರ್," ಎಂದ ಉದ್ದನೆಯವನು. ಎಲ್ಲರಿಗಿಂತ ಹೆಚ್ಚು ಸಲ ಹಾಕಿಸಿಕೊಂಡು ಹೊಟ್ಟೆ ಬಿಗಿದು ಅವನಿಗೆ ಮಾತು ಕಷ್ಟವಾಗುತ್ತಿತ್ತು.

ಫೋನಿನಿಂದ ಅಕ್ಕನ ದನಿ ಬಂತು. ಎಲ್ಲರದೂ ಆಯಿತಲ್ಲ, ನಿನ್ನ ತಟ್ಟೆ ಎಲ್ಲೋ ಪುಟ್ಟ ಎಂದಳು. ಮೇಷ್ಟ್ರು ಪಾತ್ರೆಗಳನ್ನು ನೋಡಿದರು. ಅನ್ನದ ಒಂದು ಅಗುಳೂ ಇರಲಿಲ್ಲ. ಐದು ವರ್ಷದ ಅಭ್ಯಾಸ, ಬಾಯಿ ತಾನಾಗಿ ತೆರೆಯಿತು.

"ನಂದು ಊಟ ಆಯ್ತು ಅಕ್ಕ."

ಅಕ್ಕ ಮುಖವನ್ನು ಫೋನಿಗೆ ಇನ್ನಷ್ಟು ಹತ್ತಿರ ತಂದಳು.

"ನೋಡೋ, ಮೂವತ್ತು ವರ್ಷ ಲೈನ್ ಮೇಲೆ ಕೂತವಳು ನಾನು. ಯಾವ ದೇಶದಲ್ಲಿ ಯಾವಾಗ ಎಷ್ಟು ಗಂಟೆ ಅಂತ ನನಗೆ ಗೊತ್ತಿಲ್ವಾ? ಬೆಳಿಗ್ಗೆ ಏಳು ಗಂಟೆಗೆ ಯಾವ ಮಕ್ಕಳೋ ಹಬ್ಬದ ಊಟಕ್ಕೆ ಬರೋದು?"

ಮೇಷ್ಟ್ರು ಸಿಮೆಂಟು ಮೂಟೆಯ ಹೊಲಿಗೆಯನ್ನು ಬೆರಳಿನಿಂದ ಸವರುತ್ತ ಕೂತರು. ಆಮೇಲೆ ಕೇಳಿದರು: "ಮತ್ತೆ ನೀನು ಊಟ ಮಾಡ್ತಿದ್ಯಲ್ಲ?"

"ಆರು ಗಂಟೆ ತನಕ ಕಾಯ್ತಿದ್ದೆ. ಆಗ ನಿನಗೆ ಒಂದು ಗಂಟೆ. ಈಗ ಏನಾದ್ರೂ ನಿಜವಾಗಿ ತಿಂದಿರ್ತಾನೆ ಅಂತ ಅಂದ್ಕೊಂಡು ತಿಂತಿದ್ದೆ. ಇವತ್ತು ಹಾಗೆ ಅಂದ್ಕೊಳ್ಳೋಕೂ ಆಗಲ್ಲ, ಕಣ್ಣಿಗೆ ಕಾಣ್ತಾ ಇದೀಯ."

ಪರದೆಯಲ್ಲಿ ಅಕ್ಕ ಅಲುಗುತ್ತಿದ್ದಳು, ಹಿಂದಿನ ಗೋಡೆ ಅಲುಗುತ್ತಿತ್ತು. ಸಿಗ್ನಲ್ ಸರಿಯಿಲ್ಲವೆಂದು ಮೇಷ್ಟ್ರು ತಿಳಿದರು. ಟೈಲರ್‌ನ ಮುಖ ಮಧ್ಯೆ ನುಗ್ಗಿತು. ಅಮ್ಮನ ಕೈ ನಡುಗ್ತಾ ಇದೆ ಸಾರ್, ಬೆಳಿಗ್ಗೆ ಮಾತ್ರೆ ತಗೊಂಡು ನೀರು ಕುಡಿದಿದ್ದು ಬಿಟ್ಟರೆ ಏನೂ ಇಲ್ಲ, ನಮ್ಮ ಮಾತು ಕೇಳಲ್ಲ, ನೀವು ಏನಾದ್ರೂ ಬೇಗ ತಿನ್ನಿ ಎಂದ.

ಆ ಮುದುಕಿ ಯಾರು, ಏಕೆ ಕೋಪಿಸಿಕೊಂಡಿದ್ದಾರೆ ಎಂದು ಹುಡುಗಿ ಮೆಲ್ಲಗೆ ಕೇಳಿದಳು. ಮೇಷ್ಟ್ರು ಎದ್ದು ನಿಂತರು. ಇವಳು ನನ್ನ ಅಕ್ಕ, ನಾನು ತಿನ್ನುವ ತನಕ ತಿನ್ನುವುದಿಲ್ಲ, ಬೆಳಗಿನಿಂದ ಹಸಿದಿದ್ದಾಳೆ, ನನಗೆ ಉಳಿದಿಲ್ಲ, ಎಂದರು. ಆ ಭಾಷೆಯಲ್ಲಿ ಆರು ವರ್ಷದಲ್ಲಿ ತಮ್ಮ ಬಗ್ಗೆ ಅವರು ಆಡಿದ, ಸಿಮೆಂಟು ಬೆರೆಯದ ಮೊದಲ ಮಾತು ಅದು.

ಇಪ್ಪತ್ತಮೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟಳು. ಬ್ಯಾಗು ತೆರೆದಳು. ಆಮೇಲೆ ಎಲ್ಲರ ಬ್ಯಾಗುಗಳೂ ತೆರೆದವು. ಒಂದು ಬಾಳೆಹಣ್ಣು ಬಂತು, ಒತ್ತಿ ಚಪ್ಪಟೆಯಾದ ಬ್ರೆಡ್ಡು ಬಂತು, ಅಜ್ಜಿ ಕಟ್ಟಿಕೊಟ್ಟದ್ದೆಂದು ಒಬ್ಬ ಎರಡು ಬೇಯಿಸಿದ ಆಲೂಗಡ್ಡೆ ಇಟ್ಟ. ಹಲ್ಲುನೋವಿನವನ ಬ್ಯಾಗಿನಲ್ಲಿ ಹುರಿದ ಕಡಲೆಯಿತ್ತು. ಉದ್ದನೆಯವನು ಆಲೂಗಡ್ಡೆಯ ಸಿಪ್ಪೆ ಸುಲಿದು, ಲ್ಯಾಬಿನಲ್ಲಿ ಯಾವತ್ತೂ ತೋರಿಸದ ಎಚ್ಚರಿಕೆಯಿಂದ ಮೇಷ್ಟ್ರ ಮುಂದಿಟ್ಟು, ತಿನ್ನಿ ಸಾರ್ ಎಂದ. ಎಲ್ಲರೂ ಸುತ್ತ ನಿಂತರು.

ಮೇಷ್ಟ್ರು ಆಲೂಗಡ್ಡೆ ಬಾಯಿಗಿಟ್ಟರು.

"ನುಂಗು," ಎಂದಳು ಅಕ್ಕ. "ಬಾಯಿ ತೋರಿಸು."

ಐವತ್ತೊಂದು ವರ್ಷದ ಮೇಷ್ಟ್ರು ಶಿಷ್ಯರೆದುರು ಫೋನಿಗೆ ಬಾಯಿ ತೆರೆದು ತೋರಿಸಿದರು. ಹುಡುಗಿ ಪಕ್ಕದಿಂದ ಇಣುಕಿ ನೋಡಿ, ಹೌದು ಎಂದು ಅಕ್ಕನಿಗೆ ತಲೆಯಾಡಿಸಿದಳು.

ಆಗ ಅಕ್ಕ ತಟ್ಟೆ ಎಳೆದುಕೊಂಡಳು. ಫೋನು ಟೈಲರ್‌ನ ಕೈಗೆ ಹೋಯಿತು, ಚಿತ್ರದ ಅಲುಗಾಟ ನಿಂತಿತು.

ಮೇಷ್ಟ್ರು ಬಾಳೆಹಣ್ಣು ಹಿಡಿದವರು ಹಾಗೇ ನಿಂತರು. ಅಕ್ಕ ಉಣ್ಣುವುದನ್ನು ಅವರು ಅದುವರೆಗೆ ನೋಡಿರಲೇ ಇಲ್ಲ. ಎಲ್ಲರದೂ ಮುಗಿದು, ಪಾತ್ರೆ ಎತ್ತಿ, ನೆಲ ಒರೆಸಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅಕ್ಕ ಏನು ಮಾಡುತ್ತಿದ್ದಳೋ ಅದಕ್ಕೆ ಊಟ ಎನ್ನುತ್ತಿದ್ದರು. ಈಗ ಕಾಣುತ್ತಿತ್ತು. ಮೊದಲ ತುತ್ತಿಗೆ ಅವಳು ಕಣ್ಣು ಮುಚ್ಚುತ್ತಿದ್ದಳು. ಬಲಗಡೆ ಹಲ್ಲಿಲ್ಲದ್ದಕ್ಕೋ ಏನೋ ಎಡಗಡೆಯೇ ಅಗಿಯುತ್ತಿದ್ದಳು. ಮೆಣಸಿನಕಾಯಿ ಸಿಕ್ಕಿದರೆ, ಯಾರಾದರೂ ನೋಡಿಯಾರೆಂಬಂತೆ ಬೇಗ ತಟ್ಟೆಯ ಅಡಿಗೆ ಸರಿಸುತ್ತಿದ್ದಳು. ಮೆಣಸಿನಕಾಯಿ ಬಿಸಾಡಿದ್ದಕ್ಕೆ ಮೇಷ್ಟ್ರ ತಲೆಗೆ ಮೊಟಕಿದವಳು ಇವಳೇ.

ಅಕ್ಕ ತಲೆಯೆತ್ತಿದಳು.

"ಉಣ್ಣೋರನ್ನ ಹೀಗೆ ನೋಡ್ತಾರೇನೋ? ಆ ಕಡೆ ತಿರುಗು."

ಮೇಷ್ಟ್ರು ಗೋಡೆಯ ಕಡೆ ತಿರುಗಿದರು. ಏನಾಯಿತೆಂದು ಹುಡುಗಿ ಕೇಳಿದಳು. ಹೇಳಿದರು. ಇಪ್ಪತ್ತಮೂರು ಜನರೂ ಒಬ್ಬೊಬ್ಬರಾಗಿ ಗೋಡೆಯ ಕಡೆ ತಿರುಗಿ ಕೈಕಟ್ಟಿ ನಿಂತರು. ಹಿಂದಿನಿಂದ ಅಕ್ಕನ ಬಳೆ ತಟ್ಟೆಯ ಅಂಚಿಗೆ ತಾಗುವ ಸದ್ದು ಬರುತ್ತಿತ್ತು, ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ನಿಧಾನವಾಗಿ ಊಟ ಮಾಡು ಅಕ್ಕ, ಎಂದರು ಮೇಷ್ಟ್ರು, ಗೋಡೆಗೆ.